ನಡಾವಳಿ ಬರೆಯುವವಳು

ಗಲೀಸಿಯಾದ ಈ ಕೊಲ್ಲಿಯ ದಂಡೆಯಲ್ಲಿ
ಮೀನು ಡಬ್ಬಿಗೆ ತುಂಬುವ ಕಾರ್ಖಾನೆ ನಮ್ಮದು.
ಕೆಳಗೆ ನೂರಹತ್ತು ಹೆಂಗಸರು, ಬಿಳಿ ಟೊಪ್ಪಿಗೆ, ರಬ್ಬರು ಬೂಟು;
ಮೇಲೆ ಗಾಜಿನ ಕೋಣೆಯಲ್ಲಿ ನಾನು, ನನ್ನ ಬೆರಳಚ್ಚು.
ವಿನಿಗರಿನ ವಾಸನೆಯೊಂದೇ ಮೆಟ್ಟಿಲು ಹತ್ತಿ ಬರುತ್ತದೆ,
ಯಾರ ಅಪ್ಪಣೆಯನ್ನೂ ಕೇಳದೆ.

ಈ ವರ್ಷ ಎರಡು ಕಡತ ತೆರೆದೆ.

ಒಂದು ಮೇಸ್ತ್ರಿ ಎಲಾಡಿಯೊನದು.
ಮಾರ್ಚಿಯಲ್ಲಿ ಹೊಸದಾಗಿ ಸೇರಿದ ಉಶಿಯಾ
ಬಾಗಿ ಚಿಪ್ಪು ಬಿಡಿಸುತ್ತಿದ್ದಾಗ
ಹಿಂದಿನಿಂದ ಬಂದು ಏಪ್ರನ್ನಿನ ಗಂಟು ಬಿಚ್ಚಿದ.
ಕಟ್ಟಿದ. ಮತ್ತೆ ಬಿಚ್ಚಿದ.
"ಸಡಿಲವಾಗಿತ್ತು" ಅಂದ.
ಹನ್ನೊಂದು ದಿನ ಸಡಿಲವಾಗಿಯೇ ಇತ್ತು ಆ ಗಂಟು.
ಹನ್ನೆರಡನೆಯ ದಿನ ಅವಳು ಅದನ್ನು
ಹೊಟ್ಟೆಯ ಮೇಲೆ, ಮುಂದಕ್ಕೆ ಕಟ್ಟಿಕೊಂಡು ಬಂದಳು.
ಅಂದೇ ಅವಳ ಪಾಳಿ ಐಸು ಕೋಣೆಗೆ ಬದಲಾಯಿತು.

ಸಭೆಯಲ್ಲಿ ಮ್ಯಾನೇಜರು ಹೇಳಿದರು, ನಾನು ಬರೆದೆ:
"ಹಳೆಯ ಕಾಲದ ಮನುಷ್ಯ. ಕೈ ಉದ್ದ, ಮನಸ್ಸು ಶುದ್ಧ.
ಮೂವತ್ತೊಂದು ವರ್ಷದ ಸೇವೆ. ಸಲಿಗೆ ತುಸು ಹೆಚ್ಚು."
ಸಲಿಗೆ.
ಅಲ್ಲಿ ನನ್ನ ಬೆರಳು ನಿಂತಿತು.
ಸಲಿಗೆ ಎಂದರೆ ಯಾರಾದರೂ ಕೊಡಬೇಕಲ್ಲ,
ಕೊಟ್ಟವರು ಯಾರು?
ಕೇಳುವುದು ನನ್ನ ಕೆಲಸವಲ್ಲ. ಬರೆದೆ.
ತೀರ್ಮಾನ: ಬಾಯಿಮಾತಿನ ಬುದ್ಧಿವಾದ.
ಕ್ರಿಸ್‌ಮಸ್ಸಿಗೆ ಎಂದಿನಂತೆ ಅವನಿಗೊಂದು ಒಣಗಿಸಿದ ಹಂದಿತೊಡೆ.

ಇನ್ನೊಂದು ಒಬ್ದೂಲಿಯಾಳದು.
ಐವತ್ತಾರು ವಯಸ್ಸು, ಗಂಡನಿಲ್ಲ, ಚಿನ್ನದ ಹಲ್ಲೆರಡು,
ಅವಳು ಬಾಯಿ ತೆರೆದರೆ ಇಡೀ ಸಾಲು ನಕ್ಕು
ಡಬ್ಬಿಗಳು ಮುಚ್ಚಳವಿಲ್ಲದೆ ಮುಂದೆ ಹೋಗುತ್ತವೆ.
ಜೂನಿನ ಸೆಕೆ. ಲಾರಿಯ ಹುಡುಗ ಬ್ರಾಯಿಸ್
ಅಂಗಿ ಬಿಚ್ಚಿ ಪೆಟ್ಟಿಗೆ ಇಳಿಸುತ್ತಿದ್ದ.
ಇವಳು ಶಿಳ್ಳೆ ಹಾಕಿದಳು. ಒಂದೇ.
ಹಿಂದೆಯೇ ಒಂದು ಮಾತು, ಅವನ ಬೆನ್ನಿನ ಬಗ್ಗೆ, ಬೆಣ್ಣೆಯ ಬಗ್ಗೆ;
ಇಲ್ಲಿ ಬರೆಯಲಾರೆ, ಅಲ್ಲಿ ಬರೆದಿದ್ದೇನೆ,
ಮೂರು ಪ್ರತಿ.

"ಹೆಂಗಸಾಗಿ" ಅಂದರು ಮ್ಯಾನೇಜರು, ವಾಕ್ಯ ಮುಗಿಸಲಿಲ್ಲ.
ಮೂರು ಚುಕ್ಕಿ ಇಟ್ಟೆ.
"ಈ ವಯಸ್ಸಿನಲ್ಲಿ" ಅಂದರು.
ಮತ್ತೆ ಮೂರು ಚುಕ್ಕಿ.
ಬಜಾರಿ, ಗಂಡುಬೀರಿ, ಚೆಲ್ಲುಮುಂಡೆ,
ಚುಕ್ಕಿಗಳಡಿ ಇದ್ದ ಪದ ನನಗೆ ಗೊತ್ತು.
ಎಲಾಡಿಯೊನ ಅಳತೆಗೆ ಇವನ್ನು
ಯಾವ ದರ್ಜಿಯೂ ಹೊಲಿದಿಲ್ಲ.
ತೀರ್ಮಾನ: ಹದಿನೈದು ದಿನ, ಸಂಬಳವಿಲ್ಲದೆ.

ಸಹಿ ಹಾಕುತ್ತ ಒಬ್ದೂಲಿಯಾ ಕೇಳಿದಳು:
"ಬಾಯಿ ಬಿಡದೆ ಕೈಯಿಟ್ಟಿದ್ದರೆ ಅಗ್ಗವಾಗುತ್ತಿತ್ತೇನೋ?"
ಅದನ್ನೂ ಬರೆಯಹೊರಟೆ.
"ಅದು ಬೇಡ" ಅಂದರು.

ನಾನು ಒಬ್ದೂಲಿಯಾಳ ಕಡೆಯವಳು, ಒಪ್ಪಿಕೊಳ್ಳುತ್ತೇನೆ.
ಆ ಶಿಳ್ಳೆಗೆ ಗಾಜಿಗೆ ಮೂಗೊತ್ತಿ ನಾನೂ ನಕ್ಕಿದ್ದೆ.
ಮೊನ್ನೆ ಬ್ರಾಯಿಸ್ ರಸೀದಿಗೆ ಬಂದಾಗ
ಯಾವ ಹಾಳೆಯಲ್ಲೂ ಇಲ್ಲದ ಪ್ರಶ್ನೆ ಕೇಳಿದೆ:
ನಿನಗೆ ಹೇಗನಿಸಿತು?
ಹತ್ತೊಂಬತ್ತರ ಹುಡುಗ. ಪೆನ್ನನ್ನೇ ನೋಡಿದ.
"ಈಗ ಅಂಗಿ ಬಿಚ್ಚುವುದಿಲ್ಲ.
ಆಮೇಲೆ ಎಲಾಡಿಯೊ ಬೆನ್ನು ತಟ್ಟಿ,
ಪುಣ್ಯವಂತ ಕಣೋ ನೀನು ಅಂದ.
ಏನು ಹೇಳಬೇಕೋ ತಿಳಿಯಲಿಲ್ಲ. ನಕ್ಕೆ."
ರಸೀದಿ ಮಡಿಸಿ ಜೇಬಿಗಿಟ್ಟು ಹೋದ.

ಗಾಜಿನ ಮೇಲೆ ನನ್ನ ಮೂಗಿನ ಗುರುತು
ಇನ್ನೂ ಇದೆಯೇ ಎಂದು ಹುಡುಕಿದೆ.

ನನ್ನ ಕುರ್ಚಿಯ ಬೆನ್ನು ಗೋಡೆಗೆ ತಾಗಿದೆ.
ಎಲಾಡಿಯೊ ಪಾಳಿಯ ಲೆಕ್ಕ ಕೊಡಲು ಬರತೊಡಗಿದಾಗ
ಹಾಗೆ ಸರಿಸಿದ್ದು, ಹದಿನೇಳು ವರ್ಷದ ಹಿಂದೆ.
ಅಲ್ಲಿ ಸುಣ್ಣ ಉದುರಿ ಇಟ್ಟಿಗೆ ಕಾಣುತ್ತದೆ.
ಯಾರೂ ಏಕೆಂದು ಕೇಳಲಿಲ್ಲ. ನಾನೂ ಕಡತ ತೆರೆಯಲಿಲ್ಲ.

ಕೆಳಗೆ ಉಶಿಯಾ ಐಸು ಕೋಣೆಯಿಂದ ಹೊರಬಂದು
ಬೆರಳುಗಳನ್ನು ಬಾಯಿಯ ಹಬೆಗೆ ಹಿಡಿದಿದ್ದಾಳೆ.
ಗಂಟು ಮುಂದೆಯೇ ಇದೆ.

ಹೊಸ ಹಾಳೆ ಹಾಕುತ್ತೇನೆ.
ತಾರೀಕು. ಸ್ಥಳ.
ಹಾಜರಿದ್ದವರು:
ಮೊದಲ ಸಲ, ಅಲ್ಲಿ, ನನ್ನ ಹೆಸರು.