ತಿರುವಿ ನೋಡು

ಹಬ್ಬಕ್ಕ ಇನ್ನ ನಾಕು ದಿನ.
ಬೀದರದ ಥಂಡಿಗಿ ಫೆವಿಕಾಲ್ ಡಬ್ಬಿ ಸೈತ ಬಿಗದದ.
ಕಿಸೆದಾಗ ಆರುನೂರು ರೂಪಾಯಿ,
ಕೆಲಸ ಕಲೀಲತ್ತೋರು ಮೂರು ಮಂದಿ.

ಸರೋಜಿನಿ ಅಂದಳು, ಬಟ್ಟಿ ಕೊಡ್ರಿ, ಮುಗೀತು.
ಬಟ್ಟಿ ಮೈಗಿ ಬರ್ತದ, ಕೈಗಿ ಬರಂಗಿಲ್ಲ, ಅಂದೆ.
ಆಕಿ ಕರ್ಚಿಕಾಯಿ ಅಂಚು ಒತ್ತಲತ್ತಿದ್ದಳು,
ತಲಿ ಎತ್ತಲಿಲ್ಲ.

ಉಸ್ಮಾನ್‌ಗಂಜಿನಾಗ ಮುಜೀಬ್ ಭಾಯಿ ಅಂಗಡಿ.
ಗಾಜಿನ ಹಿಂದ ಜರ್ಮನಿ ಮಾಲು,
ಅದಕ್ಕ ನಾ ಸಲಾಂ ಹೊಡೆದು ಮುಂದ ಹೋಗಾಂವ.
ಕೆಳಗ, ಗೋಣಿಚೀಲದ ಮ್ಯಾಲ ಸುರುವಿದ್ದು ನಮ್ಮದು.

ಕೆಂಪು ಹಿಡಿ ಹಾಕ್ಕೊಂಡ ಉಳಿಗಳು
ಮದುವಿಗಿ ಬಂದೋರಂಗ ಕುಂತಿದ್ದವು.
ಹಿಡಿಗಿ ಯಾಕ ರೊಕ್ಕ?
ಹಿಡಿ ಜಾಲಿ ಕಟ್ಟಿಗ್ಯಾಗ ಆಗ್ತದ,
ಉಕ್ಕು ಆಗಂಗಿಲ್ಲ.
ಮೂಲ್ಯಾಗ ಹಿಡಿ ಸೀಳಿ ಬಿದ್ದಿದ್ದವು ಎರಡು.
ಜಂಗು ಒರೆಸಿ, ಬಡಿದು, ಕಿವಿಗಿ ಹಿಡಿದೆ:
ಒಂದು ತಗಡು ಅಂತು, ಒಂದು ಗಂಟಿ ಅಂತು.
ಗಂಟಿ ಇಸ್ಮಾಯಿಲಗ. ಅರವತ್ತು.
ಅಂವ ಎಡಚ;
ತನ್ನ ಹಿಡಿ ತಾನೇ ಕೆತ್ಕೊಳ್ಳಲಿ.

ಶರಣಯ್ಯಗ ಟೇಪು.
ಅಂವ ಗೇಣಿಲೆ ಅಳೀತಾನ,
ಅಂವನ ಗೇಣು ಇನ್ನೂ ಬೆಳೀಲತ್ತದ.
ಟೇಪಿನ ಕೊಕ್ಕಿ ಅಲ್ಲಾಡ್ತದಂತ ಒಗೀಬ್ಯಾಡ್ರಿ,
ತನ್ನ ದಪ್ಪದಷ್ಟು ಅದು ಅಲ್ಲಾಡಬೇಕು.
ಹೆಚ್ಚಲ್ಲ.

ಉಳಿದದ್ದು ಗುನ್ಯಾ. ತಬಿತಾಗ.

ನನಗ ಗುನ್ಯಾ ಕೊಟ್ಟಾಂವ ಉಸ್ತಾದ ಸ್ಯಾಮ್ಯೆಲಪ್ಪ,
ಕ್ರಿಸ್‌ಮಸ್ ದಿನ, ಚರ್ಚಿನ ಮೆಟ್ಟಲ ಮ್ಯಾಲ,
ಪೇಪರಿನಾಗ ಸುತ್ತಿ.
ಹಿತ್ತಾಳಿ ಅಂಚಿಂದು.
ಎದಿಗಿ ಹಚ್ಕೊಂಡು ಮಲಗಿದ್ದೆ.

ಎರಡು ವರ್ಷದ ಮ್ಯಾಲ ತಿಳೀತು, ಅದು ಸೊಟ್ಟ.
ಭಾಳ ಅಲ್ಲ, ಒಂದು ಕೂದಲು.
ಗೇಣಿಗಿ ಕೂದಲು
ಆರು ಫೂಟಿಗಿ ಬರೋದ್ರಾಗ ಬೆರಳಾಗ್ತದ.
ಮಂಗಲಪೇಟದಾಗ ನನ್ನ ಅವಾಗಿನ ಬಾಗಿಲು ಇನ್ನೂ ಅವ.
ಹಾಡಿನವರ ಖೋಲಿ ಕಪಾಟು
ಒಂದೀಟು ಎತ್ತಿ ದೂಡಿದ್ರೇ ಮುಚ್ಚತದ.
ಮೂರು ಪಾಸ್ಟರ್ ಬದಲಾದರು,
ಎತ್ತೋದು ಬದಲಾಗಲಿಲ್ಲ.
ಹೊಸಬರಿಗಿ ಹಳಬರು ಕಲಿಸ್ತಾರ,
ಹಿಂಗ ಎತ್ತು, ಹಾಂ, ಈಗ ದೂಡು.
ನಾ ಅಲ್ಲೇ ನಿಂತಿರ್ತೀನಿ,
ಹಾಡಿನ ಪುಸ್ತಕ ನೋಡ್ಕೋತ.

ಉಸ್ತಾದಗ ಹೇಳಲಿಲ್ಲ.
ಅಂವನ ಕಿಸೆದಾಗೂ ಅವತ್ತು ಇಷ್ಟೇ ಇದ್ದೀತು.

ಅದಕ್ಕ ಮುಜೀಬ್ ಭಾಯಿ ಗಲ್ಲಾದ ಹಲಗಿ ಅಂಚಿಗಿ
ಗುನ್ಯಾ ಒತ್ತಿ, ಪೆನ್ಸಿಲಿಲೆ ಒಂದು ಗೆರಿ.
ತಿರುವಿ ಇಟ್ಟು
ಅಲ್ಲಿಂದಲೇ ಇನ್ನೊಂದು.
ಎರಡೂ ಅಗಲಿದ್ರ ಸುಳ್ಳು,
ಒಂದಾದ್ರ ಖರೆ.
ಮುನ್ನೂರೈವತ್ತರದ್ದು ಸುಳ್ಳು.
ಇನ್ನೂರಾ ಎಂಬತ್ತರದ್ದು ಸುಳ್ಳು.
ಒಂಬತ್ತು ಗುನ್ಯಾ, ಹದಿನೆಂಟು ಗೆರಿ.
ಇದು ಗಲ್ಲಾ ಅದ ಮಾರಾಯಾ,
ಸಾಲಿ ಪಾಟಿ ಅಲ್ಲ, ಅಂದ ಮುಜೀಬ್.

ಖರೆ ಆಗಿದ್ದು ಒಂಬತ್ತನೇದು.
ಬಣ್ಣ ಹೋಗಿತ್ತು. ನೂರಾ ಎಂಬತ್ತು.
ಹತ್ತು ಬಿಡು ಅಂದೆ.
ಗೆರಿ ಅಳಿಸಿ ಹೋಗು, ಬಿಡ್ತೀನಿ ಅಂದ.
ಉಗುಳು ಹಚ್ಚಿ ತೋಳಿಲೆ ತಿಕ್ಕಿದೆ.
ಹೋದವು ಹದಿನಾರು.
ಆ ಎರಡು, ಒಂದಾದವು, ಹೋಗಲಿಲ್ಲ.
ಇರಲಿ ಬಿಡು ಅಂದ.

ಹಬ್ಬದ ಮುಂಜಾನಿ.
ಇಸ್ಮಾಯಿಲ ಉಳಿ ಹೊಳ್ಳಿಸಿ ಮಳ್ಳಿಸಿ
ಹಿಡಿ ಎಲ್ಲ್ಯದ ಅಂದ.
ಶರಣಯ್ಯ ಸರೋಜಿನಿ ಮಾಡಿದ ಕರ್ಚಿಕಾಯಿ ಅಳದ.
ತಬಿತಾ ಪೇಪರ್ ಹರೀಲಿಲ್ಲ, ಮಡಚಿ ಇಟ್ಟಳು.
ಥ್ಯಾಂಕ್ಸ್ ಅನ್ನಲಿಲ್ಲ.
ಕಿವಿಮ್ಯಾಲಿನ ಪೆನ್ಸಿಲ್ ತೆಗೆದು
ಹಲಗಿಗಿ ಒಂದು ಗೆರಿ ಎಳದಳು.
ತಿರುವಿದಳು.

ಎಂಥ ಹುಡುಗಿ, ಅಂದಳು ಸರೋಜಿನಿ,
ಕೊಟ್ಟಿದ್ದು ಕೊಟ್ಟೋರ ಮುಂದೇ ಪರೀಕ್ಷಾ ಮಾಡ್ತಾಳ.
ನಾ ಉಸಿರು ಹಿಡಿದು ನಿಂತಿದ್ದೆ.
ಮರ್ಯಾದಿ ಅಂತ ನಾ ಅವತ್ತು ಮಾಡದೇ ಬಿಟ್ಟದ್ದು ಇಷ್ಟೇ.

ಬಗ್ಗಿ ಭಾಳೊತ್ತು ನೋಡಿ
ಗುನ್ಯಾ ಚೀಲದಾಗ ಇಟ್ಕೊಂಡಳು.

ಚರ್ಚಿನಿಂದ ಬರುವಾಗ ಕೇಳಿದಳು,
ಅಣ್ಣಾ,
ಹಾಡಿನ ಖೋಲಿ ಕಪಾಟು ಮಾಡಿದ್ದು ಯಾರು?

ಥಂಡಿ ಭಾಳ ಅದ, ಅಂದೆ.
ಲಗೂ ನಡಿ.