ಬಣ್ಣ ಇಲ್ಲದ ಸೂಜಿ

ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ
ತುಂಬು ಬಿಡಸಾಕಿ ನಾನು.
ಮಾರಿ ತೊಳದ್ರ ಉರಿ, ಬಿಟ್ರ ಎಣ್ಣಿ.

ಶನಿವಾರ ರಾತ್ರಿ ಮೂರು ಸಲ ಕೈ ತೊಳಕೊಂಡು
ಸ್ಪಿರಿಟ್ಟಿನ್ಯಾಗ ಅದ್ದಿಟ್ಟ ರೋಲರ್ ತಗದೆ.
ಕಾಲು ಮಿಲ್ಲಿ ಸೂಜಿ.
ಗುಳ್ಳಿ ಇದ್ದಲ್ಲೆ ಮುಟ್ಟಬ್ಯಾಡ ಅಂದಿದ್ಲು
ಮೆಡಿಕಲ್ ಅಂಗಡಿ ಶಾಹೀನಾ.
ಗಲ್ಲದ ಮ್ಯಾಲ ಇರಿವಿ ನಡದಂಗ, ನಾಕ ಸಲ, ಸಾಕು.

ಫಕ್ಕೀರವ್ವಾಯಿ ಕೌದಿ ಸರಿಸಿ ಎದ್ದು ಕುಂತ್ಲು.
ಆಕಿ ಹಣಿಮ್ಯಾಲ ಕೊರವಂಜಿ ಚುಚ್ಚಿದ ಹಸರ ಹಚ್ಚಿ,
ಎಪ್ಪತ್ತು ವರ್ಷಾತು, ಮಾಸಿಲ್ಲ.
‘ಏನವಾ ಅದು?’
‘ಸೂಜಿ, ಆಯಿ.’
‘ಬಣ್ಣ ಎಲ್ಲೈತಿ?’
‘ಬಣ್ಣ ಇಲ್ಲ. ಕಲಿ ಉಳೀಬಾರ್ದಂತ ಚುಚ್ಚೂದು.’

ಆಕಿ ನಕ್ಕ ನಗಿಗೆ ಹಚ್ಚಿ ಸುಕ್ಕಾತು.

ಬೆಳಿಗ್ಗೆ ಮಾರಿ ಒಂದೀಟು ಕೆಂಪಿತ್ತು.
ತಣ್ಣೀರು ಹಾಕ್ಕೊಂಡು ಪಡಸಾಲ್ಯಾಗ ಕುಂತೆ.
ಸೋಮವಾರ ಮೂಗಿನ ಮಟ ಸೆರಗು ಕಟ್ಟೂದು ಇದ್ದs ಐತಿ;
ಇವತ್ತು ಗಾಳಿ ಮುಟ್ಟಲಿ.