ತಿಮಿಂಗಿಲದ ಗಂಟಲು

ಟಾಸ್ಮೇನಿಯಾದ ಪಡುಗರೆ. ಪ್ರತಿ ಗುರುವಾರ ಸಂಜೆ
ಪಾದ್ರಿ ಆಲ್ವಿನ್ ಟ್ರೆಗೆಂಜಾ, ಎದುರಿಗೆ ಥೈರಾ ಕ್ರಾಡಕ್,
ನಡುವೆ ಕೆಮ್ಮುವ ಹೀಟರು.
ಚಹಾ ನನ್ನದು, ಬಿಸ್ಕತ್ತು ಚರ್ಚಿನದು.

'ಮೂರು ಹಗಲು ಮೂರು ಇರುಳು
ಯೋನ ಅದರ ಹೊಟ್ಟೆಯಲ್ಲಿದ್ದ.
ಇದ್ದ ಅಂದರೆ ಇದ್ದ. ಉಪಮೆ ಗಿಪಮೆ ಬೇಡ.'
ಥೈರಾ ದನದ ಡಾಕ್ಟರು, ನಿವೃತ್ತೆ.
ಕೋಟಿನ ಜೇಬಿಂದ ಟೇಪು ಎಳೆದು
ಗಂಟಲು ಇಷ್ಟಗಲ, ಹೊಟ್ಟೆಯ ಹುಳಿ ಅಷ್ಟು,
ನಿಮ್ಮ ಪ್ರವಾದಿ ಮೊದಲ ರಾತ್ರಿಗೇ ಸಾರು, ಅನ್ನುವಳು.

ಹನ್ನೊಂದು ವರ್ಷ. ಒಬ್ಬರೂ ಇಂಚು ಸರಿದಿಲ್ಲ.

ಆ ಮಂಗಳವಾರ ದಂಡೆಯಲ್ಲಿ ನಲವತ್ತು ತಿಮಿಂಗಿಲ,
ಮಗುಚಿದ ದೋಣಿಗಳ ಹಾಗೆ, ಆದರೆ ಉಸಿರಾಡುತ್ತ.
ಊರೆಲ್ಲ ಬಕೆಟ್ಟು, ಒದ್ದೆ ದುಪ್ಪಟಿ.
ಸೊಂಟಮಟ್ಟ ನೀರಿನಲ್ಲಿ ಒಂದೇ ಮರಿಗೆ
ಆ ಕಡೆ ಅವನು, ಈ ಕಡೆ ಅವಳು.
'ನೆತ್ತಿಯ ಗಂಡಿಗೆ ನೀರು ಬೀಳಿಸಬೇಡ.'
'ಹೂಂ.'
ಇರುಳಿಡೀ ಅಷ್ಟೇ ಮಾತು.
ಬಾಯಿ ತುಂಬ ಮರಳು. ಪಾದ್ರಿ
ತೋಳು ಮಡಚಿ, ಮೊಳಕೈ ಮುಳುಗುವವರೆಗೂ
ಕೈ ತೂರಿಸಿ ಹಿಡಿಹಿಡಿಯಾಗಿ ತೆಗೆದ.
ಅದರ ಉಸಿರು, ಬಿಸಿ, ಹಳಸು ಮೀನಿನ ನಾತ,
ಇಬ್ಬರ ಮುಖಕ್ಕೂ ಸಮ ಬಡಿಯಿತು.

ಬೆಳಗಿನ ಉಬ್ಬರಕ್ಕೆ ಒಂಬತ್ತು ಹೋದವು.
ಮರಿ ಹೋಗಲಿಲ್ಲ.

ಗುರುವಾರ ಬಂದರು, ಇಬ್ಬರೂ.
ಪ್ರಾರ್ಥಿಸಿದೆಯಾ ಎಂದು ಅವಳು ಕೇಳಲಿಲ್ಲ,
ಒಂಬತ್ತನ್ನು ಅವನು ಎಣಿಸಿ ತೋರಿಸಲಿಲ್ಲ.
ಟೇಪು ಜೇಬಲ್ಲೇ ಉಳಿಯಿತು.
ತುಂಬ ಹೊತ್ತಾದ ಮೇಲೆ ಥೈರಾ:
'ಒಳಗೆ ಹೇಗಿತ್ತು?'
'ಕತ್ತಲೆ,' ಅಂದ ಪಾದ್ರಿ. 'ಬೆಚ್ಚಗಿತ್ತು.'

ಚಹಾ ಆರಿತು. ನಾನು ಲೋಟ ತೊಳೆದೆ.
ಮುಂದಿನ ವಾರ ಮತ್ತೆ ಶುರುವಾಯಿತು ಬಿಡಿ:
ನೀರು ದ್ರಾಕ್ಷಾರಸವಾಗಿದ್ದು, ಎಷ್ಟು ಲೀಟರು, ಯಾವ ದ್ರಾಕ್ಷಿ.